ಹಳದಿ ಗೆರೆ ಎಳೆದ ನಟ್ಟು

ಮಾರ್ಚ್ 2, ಸೋಮವಾರ

ಅಪ್ಪಾ,

ಆ ದ್ವೀಪದ ದೀಪಸ್ತಂಭದಲ್ಲಿ ಜನರೇಟರುಗಳೆಲ್ಲ ನಿನ್ನ ಮಾತು ಕೇಳಿಕೊಂಡು ತೆಪ್ಪಗಿವೆ ಅಂದುಕೊಂಡಿದ್ದೇನೆ. ಇಲ್ಲಿ ನಮ್ಮ ಕೆಂಪು ಕಾರು ನನ್ನ ಮಾತು ಕೇಳುತ್ತಿಲ್ಲ. ನೀನು ಹೋಗಿ ನಾಲ್ಕು ತಿಂಗಳಾಯಿತು, ಸರಿಯಾಗಿ ಅಂದಿನಿಂದಲೇ ಅದರ ಮುಖ ಊದಿದೆ. ಫೋನು ಮುಟ್ಟದ ಜಾಗಕ್ಕೆ ಕೆಲಸಕ್ಕೆ ಹೋದ ಅಪ್ಪನಿಗೆ ಕಾರಿನ ಕಾಯಿಲೆಯನ್ನೂ ಕಾಗದದಲ್ಲೇ ಬರೆಯಬೇಕಾಗಿದೆ. ತಾಳ್ಮೆಯಿಂದ ಓದು.

ಎಂಜಿನ್ನಿಗೆ ಪೆಟ್ರೋಲು ಜಾಸ್ತಿ ಹೋಗುತ್ತಿದೆ, ಅದರಲ್ಲಿ ಅನುಮಾನವಿಲ್ಲ. ಪ್ಲಗ್ಗುಗಳು ಕಾಡಿಗೆ ಮೆತ್ತಿಕೊಂಡಷ್ಟು ಕಪ್ಪು. ನೀನೂ ನಾನೂ ಸೇರಿ ಅಷ್ಟು ಕಷ್ಟಪಟ್ಟು ಕೂರಿಸಿದ ಟರ್ಬೊ ಗಾಳಿ ತುಂಬಲು ಶುರುಮಾಡಿದ ಕೂಡಲೇ ಮುನ್ನುಗ್ಗಬೇಕಾದ ಕಾರು ಕೆಮ್ಮುತ್ತದೆ, ಹಿಂದೆಲ್ಲ ಕಪ್ಪು ಹೊಗೆ. ಒಂದು ಪಾಲು ಪೆಟ್ರೋಲಿಗೆ ಹೆಚ್ಚುಕಮ್ಮಿ ಹದಿನೈದು ಪಾಲು ಗಾಳಿ ತೋರಿಸಬೇಕಾದ ಮೀಟರು ಹನ್ನೆರಡರ ಕೆಳಗೆ ಕೂತಿದೆ. ಅಮ್ಮನ ರೋಗನಿರ್ಣಯವೇ ಬೇರೆ. "ಒಗೆದ ಬಟ್ಟೆಗೆಲ್ಲ ಪೆಟ್ರೋಲ್ ನಾತ. ನಿಮ್ಮಪ್ಪನ್ನ ನೆನೆಸ್ಕೊಂಡು ಅಳ್ತಿರ್ಬೇಕು ಅದು" ಅನ್ನುತ್ತಾಳೆ.

ಈಗ ಮುಖ್ಯ ವಿಷಯ. ನಮ್ಮ ವರ್ಕ್‌ಶಾಪಿನ ಟ್ಯೂನಿಂಗ್ ವಿಭಾಗ ನೋಡಿಕೊಳ್ಳಲು ಒಬ್ಬರನ್ನು ಆರಿಸುತ್ತಾರಂತೆ. ನನಗೂ ಅವಕಾಶವಿದೆ. ಆದರೆ ಯಜಮಾನರು ಖಡಾಖಂಡಿತವಾಗಿ ಹೇಳಿಬಿಟ್ಟರು: "ನಿನ್ನ ಕಾರಿನ ಕಾಯಿಲೇನೇ ನಿಂಗೆ ಗೊತ್ತಾಗಲ್ಲ ಅಂದ್ರೆ ಗಿರಾಕಿಗಳ ಕಾರು ಹೇಗಮ್ಮಾ ಕೊಡ್ಲಿ? ಕಾರಿನ ಕಂಪ್ಯೂಟರಲ್ಲಿ ಪೆಟ್ರೋಲ್ ನಂಬರ್ ಇಳ್ಸಿ ಹೊಗೆ ಮುಚ್ಚಿದ್ರೆ ನಾನೊಪ್ಪಲ್ಲ. ಕಾರಣ ಬೇಕು. ತಿಂಗಳ ಕೊನೇ ದಿನ ತಂದು ತೋರ್ಸು." ಆಗದಿದ್ದರೆ ಇನ್ನೆಷ್ಟು ವರ್ಷ ಆಯಿಲ್ ಬದಲಾಯಿಸಿಕೊಂಡೇ ಕೂರಬೇಕೋ ಗೊತ್ತಿಲ್ಲ.

ಏರ್ ಫಿಲ್ಟರ್ ಹೊಸದು. ಸೈಲೆನ್ಸರಿನ ಕಡೆಯ ಆಕ್ಸಿಜನ್ ಸೆನ್ಸರ್ ಬದಲಿಸಿದೆ, ಅದೇ ರಾಗ. ಪೆಟ್ರೋಲಿನ ಒತ್ತಡವನ್ನು ಹಿಡಿದಿಡುವ ರೆಗ್ಯುಲೇಟರನ್ನು ಹೊರಡುವ ಹಿಂದಿನ ದಿನ ನೀನೇ ಹೊಂದಿಸಿ, ಅದರ ನಟ್ಟಿನ ಮೇಲೆ ನಿನ್ನ ಹಳದಿ ಬಣ್ಣದ ಗೆರೆ ಎಳೆದು ಹೋಗಿದ್ದೀಯ. ಅಪ್ಪನ ಗೆರೆ ಇದ್ದಲ್ಲಿ ಸ್ಪ್ಯಾನರ್ ಹಾಕಬಾರದು ಅನ್ನುವುದನ್ನು ನಾನು ಅಕ್ಷರಕ್ಕಿಂತ ಮೊದಲೇ ಕಲಿತವಳು, ಹಾಗಾಗಿ ಅದರ ಮಾತು ಬೇಡ. ಇನ್ನೇನು ನೋಡಲಿ, ಹೇಳು.

ನಿನ್ನ ಪುಟ್ಟಿ


ಮಾರ್ಚ್ 6, ಶುಕ್ರವಾರ

ಪುಟ್ಟಿ,

ಇವತ್ತಿನ ದೋಣಿಗೆ ನಿನ್ನ ಕಾಗದ ಬಂತು. ವಾರಕ್ಕೆ ಎರಡೇ ದೋಣಿ, ಮಂಗಳವಾರ ಮತ್ತು ಶುಕ್ರವಾರ. ದೋಣಿಯವನು ಅರ್ಧ ಗಂಟೆ ನಿಲ್ಲುತ್ತಾನೆ, ಅಷ್ಟರಲ್ಲಿ ಉತ್ತರ ಗೀಚಿ ಕೈಗಿಡಬೇಕು. ಅಕ್ಷರ ನೋಡಿ ನಗಬೇಡ.

ಟರ್ಬೊ ಕಾರಿನಲ್ಲಿ ಮೊದಲು ಹುಡುಕಬೇಕಾದದ್ದು ಗಾಳಿಯ ಸೋರಿಕೆ. ಒಳಗೆ ಬಂದ ಗಾಳಿಯನ್ನು ಅಳೆದು ಕಂಪ್ಯೂಟರು ಅದಕ್ಕೆ ತಕ್ಕಷ್ಟು ಪೆಟ್ರೋಲು ಬಿಡುತ್ತದೆ. ನಡುದಾರಿಯಲ್ಲಿ ಪೈಪು ಸೀಳಿದ್ದರೆ ಗಾಳಿ ಹೊರಗೆ ಹೋಯಿತು, ಪೆಟ್ರೋಲು ಮಾತ್ರ ಪೂರ್ತಿ ಬಂತು. ಪೈಪುಗಳಿಗೆ ಗಾಳಿ ತುಂಬಿಸಿ ಸೋಪಿನ ನೀರು ಹಚ್ಚು. ಗುಳ್ಳೆ ಎದ್ದಲ್ಲಿ ಕಳ್ಳ ಇದ್ದಾನೆ.

ರೆಗ್ಯುಲೇಟರ್ ವಿಷಯ ನೀನು ಹೇಳಿದ್ದು ಸರಿ, ಅದು ಇದ್ದ ಹಾಗೇ ಇರಲಿ.

ಒಂದು ಮಾತು. ಪೆಟ್ರೋಲು ಒಂದಿಷ್ಟು ಜಾಸ್ತಿಯಾದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಕಮ್ಮಿಯಾದರೇ ಕಷ್ಟ. ಆದ್ದರಿಂದ ಅವಸರ ಮಾಡಬೇಡ. ನಿಮ್ಮಮ್ಮನಿಗೆ ಹೇಳು, ಅಳುವುದೇನಿದ್ದರೂ ಇಲ್ಲಿ ನಾನು, ಊಟದ ಹೊತ್ತಿನಲ್ಲಿ. ಚಿಕ್ಕಪ್ಪ ಹೇಗಿದ್ದಾನೆ? ಅಂಗಡಿಯ ಮೆಟ್ಟಿಲು ಹತ್ತುವಾಗ ಕಾಲು ನೋಯುತ್ತದೆಯೇ ಕೇಳು. ನಾನು ಕೇಳಿದೆ ಅನ್ನಬೇಡ.

ಅಪ್ಪ


ಮಾರ್ಚ್ 9, ಸೋಮವಾರ

ಅಪ್ಪಾ,

ಗುಳ್ಳೆ ಎದ್ದಿತು! ಟರ್ಬೊದಿಂದ ಹೊರಟು ಕೆಳಗೆ ಬಾಗುವ ರಬ್ಬರ್ ಪೈಪಿನ ಹಿಂಬದಿಯಲ್ಲಿ ಉಗುರಿನಷ್ಟು ಉದ್ದದ ಸೀಳು. ಕನ್ನಡಿ ಹಿಡಿದರೆ ಮಾತ್ರ ಕಾಣುತ್ತದೆ. ನಿನಗೆ ಅಲ್ಲಿ ಕೂತೇ ಹೇಗೆ ಗೊತ್ತಾಯಿತು ಅಂತ ಇಡೀ ವರ್ಕ್‌ಶಾಪು ಬಾಯಿ ಬಿಟ್ಟುಕೊಂಡು ನೋಡಿತು. ನಾನು ಕಾಲರ್ ಏರಿಸಿಕೊಂಡು ಓಡಾಡಿದೆ.

ಪೈಪು ಬದಲಿಸಿ, ಊರ ಹಿಂದಿನ ಗುಡ್ಡದ ರಸ್ತೆಗೆ ಹೋಗಿ ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿ ನೋಡಿದೆ. ಹೊಗೆ ಒಂದು ಚೂರು ಕಮ್ಮಿ. ಮೀಟರು ಹನ್ನೆರಡರ ಮೇಲೆ ಕೂದಲೆಳೆಯಷ್ಟು ಏರಿದೆ. ಅಂದರೆ ಇದು ಚಿಲ್ಲರೆ ಕಳ್ಳ, ದೊಡ್ಡ ಕಳ್ಳ ಇನ್ನೂ ಒಳಗೇ ಇದ್ದಾನೆ.

ಚಿಕ್ಕಪ್ಪನ ಗಡಿಯಾರದ ಅಂಗಡಿಗೆ ಹೋಗಿದ್ದೆ. ಕಾಲು ನೋಯುತ್ತಾ ಅಂದೆ. "ಇಲ್ಲ. ಯಾಕೆ, ಅಣ್ಣ ಕೇಳಿದ್ನಾ?" ಅಂದ. ಇಲ್ಲವಲ್ಲ ಅಂದೆ. ನಕ್ಕುಬಿಟ್ಟ. ಅಲ್ಲ ಅಪ್ಪಾ, ಹದಿನೇಳು ವರ್ಷದ ಹಿಂದೆ ಗುಡ್ಡ ಹತ್ತುವ ರೇಸಿನಲ್ಲಿ ಟೈರು ಒಡೆದು ಅವನ ಕಾರು ಗೋಡೆಗೆ ಬಡಿಯಿತು, ಕಾಲು ಮುರಿಯಿತು, ಸರಿ. ಅದರಲ್ಲಿ ಮುಚ್ಚಿಡುವುದೇನಿದೆ? ನೀವಿಬ್ಬರೂ ಕೂತರೆ ಊರ ಮೇಲಿನ ಮಾತೆಲ್ಲ ಆಡುತ್ತೀರಿ, ಕಾರಿನ ಮಾತು ಮಾತ್ರ ಎತ್ತುವುದಿಲ್ಲ.

ಇನ್ನೇನು ನೋಡಲಿ? ಇಪ್ಪತ್ತೆರಡು ದಿನ ಉಳಿದಿವೆ.

ಪುಟ್ಟಿ


ಮಾರ್ಚ್ 13, ಶುಕ್ರವಾರ

ಪುಟ್ಟಿ,

ಶಭಾಷ್. ಕನ್ನಡಿ ಹಿಡಿದು ನೋಡಿದೆಯಲ್ಲ, ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ನಿನ್ನ ಕಾಗದ ಬಂದ ದಿನ ಇಲ್ಲಿಯ ಅಡುಗೆಯವನು ಕೈ ಒರೆಸಿಕೊಂಡು ಬಂದು ನಿಲ್ಲುತ್ತಾನೆ. "ಇವತ್ತು ಕಾರಿಗೆ ಹೇಗಿದೆ?" ಅಂತ ಕೇಳುತ್ತಾನೆ. ಗಟ್ಟಿಯಾಗಿ ಓದಿ ಹೇಳಬೇಕು.

ಈಗ ಎರಡು ಕೆಲಸ ಮಾಡು. ಎಂಜಿನ್ನಿನ ಬಿಸಿ ಅಳೆಯುವ ಸೆನ್ಸರ್ ನೋಡು. ಅದು ಬಿಸಿಯಾದ ಎಂಜಿನ್ನನ್ನೂ ಚಳಿಯಲ್ಲಿದೆ ಅಂತ ಚಾಡಿ ಹೇಳಿದರೆ ಕಂಪ್ಯೂಟರು ಪಾಪ ಅಂತ ಪೆಟ್ರೋಲು ಹೆಚ್ಚು ಬಡಿಸುತ್ತದೆ. ಆಮೇಲೆ ನಾಲ್ಕು ಇಂಜೆಕ್ಟರುಗಳನ್ನೂ ಬಿಚ್ಚಿ, ಯಾವುದಾದರೂ ತೊಟ್ಟಿಕ್ಕುತ್ತಿದೆಯೇ ನೋಡು. ಎರಡೂ ಸಮಾಧಾನದಿಂದ ಮಾಡುವ ಕೆಲಸ. ವಾರವೇ ಹಿಡಿಯಲಿ.

ಆ ಗುಡ್ಡದ ರಸ್ತೆಗೆ ಹೋಗಬೇಡ. ಪರೀಕ್ಷೆ ಮಾಡಲು ಊರಲ್ಲಿ ಬೇರೆ ರಸ್ತೆ ಇಲ್ಲವೇ? ಮೂರನೇ ಗೇರಿನಲ್ಲಿ ಪೂರ್ತಿ ಒತ್ತುವ ಅಗತ್ಯವೇನಿತ್ತು?

ಚಿಕ್ಕಪ್ಪನನ್ನು ಹಳೆಯದೆಲ್ಲ ಕೇಳಿ ತಲೆ ತಿನ್ನಬೇಡ.

ಅಪ್ಪ


ಮಾರ್ಚ್ 18, ಬುಧವಾರ

ಅಪ್ಪಾ,

ಸೆನ್ಸರ್ ಸರಿಯಿದೆ. ಬಿಸಿನೀರಿನಲ್ಲಿ ಮುಳುಗಿಸಿ, ತಣ್ಣೀರಿನಲ್ಲಿ ಮುಳುಗಿಸಿ ನೋಡಿದೆ, ಒಂದು ಡಿಗ್ರಿಯೂ ಸುಳ್ಳು ಹೇಳುವುದಿಲ್ಲ. ಇಂಜೆಕ್ಟರುಗಳನ್ನು ಬಿಚ್ಚಿ ತೊಳೆದು ಅಳೆದೆ. ನಾಲ್ಕೂ ಸಮ, ಒಂದು ಹನಿ ಸೋರುವುದಿಲ್ಲ. ವೈರಿಂಗ್ ಪೂರ್ತಿ ಹಿಡಿದು ನೋಡಿದೆ. ಕಂಪ್ಯೂಟರಿನ ಲೆಕ್ಕವನ್ನು ಮೊದಲಿನಿಂದ ಹಾಕಿದೆ.

ಏನೂ ಸಿಗಲಿಲ್ಲ ಅಪ್ಪಾ. ಇವತ್ತು ಆಯಿಲ್ ಕಡ್ಡಿ ಎಳೆದು ಮೂಸಿದರೆ ಆಯಿಲ್ಲಿಗೂ ಪೆಟ್ರೋಲ್ ವಾಸನೆ.

ಮೊದಲೆಲ್ಲ ಒಂದು ಕಾರಿನ ಹತ್ತಿರ ನಿಂತರೆ ಹೊಟ್ಟೆಯೊಳಗೆ ಏನೋ ಒಂದು ಗೊತ್ತಾಗುತ್ತಿತ್ತು, ಇದು ಹೀಗಿರಬೇಕು ಅಂತ. ಈಗ ಸಾದಾ ಬ್ರೇಕ್ ಕೆಲಸ ಮಾಡುವಾಗಲೂ ಎರಡೆರಡು ಸಲ ನೋಡುತ್ತೇನೆ. ಸೋಮವಾರ ಗಿರಾಕಿಯೊಬ್ಬರ ಚಕ್ರದ ನಟ್ಟುಗಳನ್ನು ಬಿಗಿದು, ಬಿಗಿದಿದ್ದೇನೋ ಇಲ್ಲವೋ ಅಂತ ಅರ್ಧ ದಾರಿಯಿಂದ ವಾಪಸ್ ಓಡಿದೆ. ಬಿಗಿದಿದ್ದೆ. ಎಲ್ಲರೂ ನೋಡುತ್ತಿದ್ದರು.

ನನಗೆ ಕೈಕೆಲಸ ಬರುತ್ತದೆ, ತಲೆಕೆಲಸ ಬರುವುದಿಲ್ಲ ಅಂತ ಕಾಣುತ್ತದೆ. ಇಷ್ಟು ದಿನ ನೀನು ಪಕ್ಕದಲ್ಲಿ ಇದ್ದದ್ದಕ್ಕೆ ಅದು ತಿಳಿದಿರಲಿಲ್ಲ. ತಿಂಗಳ ಕೊನೆಯವರೆಗೆ ಕಾಯದೆ ಯಜಮಾನರಿಗೆ ಆಗಲಿಲ್ಲ ಅಂತ ಹೇಳಿಬಿಡುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ಪುಟ್ಟಿ


ಮಾರ್ಚ್ 24, ಮಂಗಳವಾರ

ಪುಟ್ಟಿ,

ನಿನ್ನ ಕಾಗದ ಶುಕ್ರವಾರ ಬಂತು. ದೋಣಿ ಅರ್ಧ ಗಂಟೆ ನಿಂತು ಹೋಯಿತು, ನಾನು ಒಂದಕ್ಷರ ಬರೆಯಲಿಲ್ಲ. ಅಡುಗೆಯವನಿಗೂ ಓದಿ ಹೇಳಲಿಲ್ಲ.

ಕಾರಿಗೆ ಕಾಯಿಲೆ ಇಲ್ಲ. ನಾನು ಮಾಡಿದ್ದು. ಹೊರಡುವ ಹಿಂದಿನ ದಿನ ಆ ರೆಗ್ಯುಲೇಟರಿನ ಸ್ಕ್ರೂವನ್ನು ಬೇಕೆಂದೇ ಒಂದೂವರೆ ಸುತ್ತು ಹೆಚ್ಚು ಬಿಗಿದೆ. ಮೂರು ಇರಬೇಕಾದ ಒತ್ತಡ ನಾಲ್ಕೂವರೆಯ ಹತ್ತಿರ ಇದೆ. ಪೆಟ್ರೋಲು ಜಾಸ್ತಿಯಾದರೆ ಕಾರು ಓಡುವುದಿಲ್ಲ, ಕಾರು ಓಡದಿದ್ದರೆ ನೀನು ಜೋರಾಗಿ ಹೋಗುವುದಿಲ್ಲ, ಇಷ್ಟೇ ನನ್ನ ಲೆಕ್ಕ. ನಟ್ಟು ಬಿಗಿದು ಮೇಲೆ ಹಳದಿ ಗೆರೆ ಎಳೆದೆ. ಗೆರೆ ಇದ್ದರೆ ನೀನು ಮುಟ್ಟುವುದಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೇ ಎಳೆದೆ.

ಅದರ ಹಿಂದಿನ ಸಂಜೆ ನೀನು ಗುಡ್ಡದ ರಸ್ತೆಯಿಂದ ಕಾರು ತಂದು ನಿಲ್ಲಿಸಿ ನಗುತ್ತಾ ಇಳಿದೆ. ಆ ನಗು ಥೇಟು ನಿನ್ನ ಚಿಕ್ಕಪ್ಪನದು, ರೇಸಿನ ದಿನ ಬೆಳಿಗ್ಗೆಯದು. ಮರುದಿನವೇ ಸ್ಪ್ಯಾನರ್ ಹಿಡಿದೆ.

ಅವತ್ತು ಟೈರು ಒಡೆದಿರಲಿಲ್ಲ. ಪೆಟ್ರೋಲು ಕಮ್ಮಿಯಾಗಿ ಒಳಗಿನ ಬೆಂಕಿ ಏರಿ ಪಿಸ್ಟನ್ ಕರಗಿತು, ಎಂಜಿನ್ನು ತಿರುವಿನಲ್ಲೇ ಕಚ್ಚಿಕೊಂಡು ನಿಂತಿತು. ಪೆಟ್ರೋಲು ಗಾಳಿ ಹೊಂದಿಸಿ ಟ್ಯೂನ್ ಮಾಡಿದವನು ನಾನು. ಆಮೇಲೆ ಒಬ್ಬನೇ ಕೂತು ಬಿಚ್ಚಿದೆ. ಪಿಸ್ಟನ್ನಿನಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಎಲ್ಲರಿಗೂ ಟೈರು ಅಂದೆ. ತಮ್ಮನ ಕಾಲು ಮುರಿದವನು ನಾನು ಅಂತ ಹೇಳುವ ಧೈರ್ಯ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಹಳದಿ ಗೆರೆ ಶುರುವಾದದ್ದು ಅಲ್ಲಿಂದ. ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗಿ, ಬಿಗಿದದ್ದನ್ನೇ ಹತ್ತು ಸಲ ನೋಡುತ್ತಿದ್ದೆ. ಗೆರೆ ಎಳೆದರೆ ಒಂದು ಸಮಾಧಾನ.

ನೀನು ಚಕ್ರದ ನಟ್ಟು ನೋಡಲು ವಾಪಸ್ ಓಡಿದೆ ಅಂತ ಓದಿದಾಗ ನಾನು ಏನು ಮಾಡಿದ್ದೇನೆ ಅಂತ ತಿಳಿಯಿತು. ನಿನ್ನ ಜೀವಕ್ಕೆ ಹೆದರಿ ನಿನ್ನ ಕೈಯ ನಂಬಿಕೆಯನ್ನೇ ಕಿತ್ತುಕೊಂಡೆ. ಇನ್ನೊಂದು ನಾಚಿಕೆಯ ಮಾತು: ಉತ್ತರ ಹೇಳಿಬಿಟ್ಟರೆ ನೀನು ವಾರಕ್ಕೊಂದು ಕಾಗದ ಬರೆಯುವುದಿಲ್ಲವಲ್ಲ ಅಂತಲೂ ಎಳೆದಾಡಿದೆ.

ಸ್ಕ್ರೂವನ್ನು ಹಿಂದಕ್ಕೆ ತಿರುಗಿಸು. ಒತ್ತಡ ತೋರಿಸುವ ಗೇಜು ಹಾಕಿಕೊಂಡು ತಿರುಗಿಸು, ನನ್ನ ಮಾತು ನಂಬಬೇಡ. ನಿನಗೆ ತಲೆಕೆಲಸ ಬರುತ್ತದೆ. ನೀನು ನೋಡಿದ್ದೆಲ್ಲ ಸರಿಯಾಗಿ ನೋಡಿದ್ದೀಯ.

ಅಪ್ಪ

ಮಾರ್ಚ್ 27: ಮಂಗಳವಾರ ಸಮುದ್ರ ಕೆಟ್ಟು ದೋಣಿ ಬರಲಿಲ್ಲ. ಮೂರು ದಿನ ಇದು ಜೇಬಿನಲ್ಲೇ ಇತ್ತು. ಹರಿಯಬೇಕು ಅನ್ನಿಸಿತ್ತು, ಹರಿಯಲಿಲ್ಲ.


ಮಾರ್ಚ್ 26, ಗುರುವಾರ

ಅಪ್ಪಾ,

ನಿನ್ನ ಕಾಗದ ಬರಲಿಲ್ಲ, ಹುಷಾರಾಗಿದ್ದೀಯ ತಾನೇ? ಇಲ್ಲಿ ಮಾತ್ರ ಸಿಹಿ ಸುದ್ದಿ. ಸಿಕ್ಕಿತು!

ಆಗಲಿಲ್ಲ ಅಂತ ಬರಿಗೈಯಲ್ಲಿ ಹೋಗಿ ನಿಲ್ಲುವುದು ಹೇಗೆ, ಏನೇನು ನೋಡಿದೆ ಅಂತ ಒಂದು ಪಟ್ಟಿಯಾದರೂ ಯಜಮಾನರಿಗೆ ಕೊಡೋಣ ಅಂತ ಕೂತೆ. ಸೆನ್ಸರ್ ಮುಂದೆ ಅಂಕಿ ಬರೆದೆ, ಇಂಜೆಕ್ಟರ್ ಮುಂದೆ ಅಂಕಿ ಬರೆದೆ. ರೆಗ್ಯುಲೇಟರ್ ಮುಂದೆ "ಅಪ್ಪ ನೋಡಿದ್ದಾರೆ" ಅಂತ ಬರೆದಿದ್ದೆ. ಪೂರ್ತಿ ಪಟ್ಟಿಯಲ್ಲಿ ಅಂಕಿ ಇಲ್ಲದ್ದು ಅದೊಂದೇ. ತಪ್ಪು ತಿಳಿಯಬೇಡ, ಗೇಜು ಹಾಕಿದೆ. ನಾಲ್ಕು ಪಾಯಿಂಟ್ ನಾಲ್ಕು ತೋರಿಸಿತು. ಗೆರೆ ಕೆರೆದು, ನಟ್ಟು ಸಡಿಲಿಸಿ, ಸ್ಕ್ರೂ ತಿರುಗಿಸಿ ಮೂರಕ್ಕೆ ತಂದೆ. ಎಂಜಿನ್ನು ನಿಟ್ಟುಸಿರು ಬಿಟ್ಟು ಹಗುರಾಯಿತು.

ನಿನ್ನದೇನೂ ತಪ್ಪಿಲ್ಲ. ಒಳಗಿನ ಸ್ಪ್ರಿಂಗ್ ಸೊರಗಿ ಒತ್ತಡ ತಾನಾಗಿ ಏರಿಬಿಟ್ಟಿದೆ. ಹೊಸ ಸಾಮಾನುಗಳ ಹಣೆಬರಹ ಇಷ್ಟೇ, ಯಾರು ಕೂರಿಸಿದ್ದರೂ ಹೀಗೇ ಆಗುತ್ತಿತ್ತು.

ಅಂದಹಾಗೆ, ಮುಂದಿನ ರಜೆಯಲ್ಲಿ ಕಣ್ಣು ತೋರಿಸಿಕೊಳ್ಳುತ್ತೀಯಾ? ಅಮ್ಮನೂ ತೋರಿಸಿಕೊಳ್ಳಬೇಕಂತೆ, ಇಬ್ಬರೂ ಜೊತೆಯಲ್ಲಿ ಹೋಗಿ ಬನ್ನಿ. ಸುಮ್ಮನೆ ನೆನಪಾಯಿತು, ಹೇಳಿದೆ.

ಪುಟ್ಟಿ


ಮಾರ್ಚ್ 28, ಶನಿವಾರ

ಪುಟ್ಟಿ,

ನಿನ್ನೆ ನನ್ನ ಕಾಗದ ದೋಣಿ ಹತ್ತಿ ಹೋದ ಮೇಲೆ ನಿನ್ನದನ್ನು ಒಡೆದೆ.

ಸ್ಪ್ರಿಂಗ್ ಸೊರಗಿದರೆ ಒತ್ತಡ ಇಳಿಯುತ್ತದೆ, ಏರುವುದಿಲ್ಲ. ಅದು ನಿನಗೆ ಹನ್ನೆರಡನೇ ವಯಸ್ಸಿನಲ್ಲೇ ಗೊತ್ತಿತ್ತು. ಅಪ್ಪನಿಗೆ ವಯಸ್ಸಾಯಿತು, ಗೇಜಿನ ಮುಳ್ಳು ಕಾಣದೆ ಎಡವಿದ್ದಾನೆ, ಅವನ ಮಾನ ಹೋಗದಿರಲಿ ಅಂತ ಸುಳ್ಳು ಬರೆದಿದ್ದೀಯ. ನನ್ನ ಕಣ್ಣಿಗೇನೂ ಆಗಿಲ್ಲ, ಮಗಳೇ. 

ಇದು ನಿನ್ನ ಕೈಸೇರುವ ಮುಂಚೆ ನನ್ನ ಹಿಂದಿನ ಕಾಗದ ನಿನ್ನ ಕೈಯಲ್ಲಿರುತ್ತದೆ. ಅದನ್ನು ಓದುವಾಗ ನಿನ್ನ ಮುಖ ಹೇಗಾಗಬಹುದು ಅಂತ ಯೋಚಿಸುತ್ತಾ ಜನರೇಟರ್ ಕೋಣೆಯಲ್ಲಿ ಕೂತಿದ್ದೆ. ನೀನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನನ್ನು ಕಾಯಲು ಹೊರಟೆಯಲ್ಲ, ಅದಕ್ಕೆ ಅಳು ಬಂತು. ಅಡುಗೆಯವನು ಬಂದು ಕಾರಿಗೆ ಹೇಗಿದೆ ಅಂದ. ಹುಷಾರಾಯಿತು ಅಂದೆ.

ಅಪ್ಪ


ಏಪ್ರಿಲ್ 1, ಬುಧವಾರ

ಅಪ್ಪಾ,

ನಿನ್ನ ಎರಡೂ ಕಾಗದ ಬಂದವು. ಮೊದಲನೆಯದು ಓದಿ ಎರಡು ದಿನ ನಿನಗೆ ಬರೆಯಲೇಬಾರದು ಅಂದುಕೊಂಡಿದ್ದೆ. ಸಿಟ್ಟು ಇನ್ನೂ ಇದೆ. ಪೆಟ್ರೋಲು ಕಮ್ಮಿಯಾದರೆ ಎಂಜಿನ್ನು ಒಂದೇ ಸಲ ಸಾಯುತ್ತದೆ, ಜಾಸ್ತಿಯಾದರೆ ಆಯಿಲ್ಲನ್ನು ತೊಳೆದು ತೊಳೆದು ನಿಧಾನವಾಗಿ ಸಾಯಿಸುತ್ತದೆ ಅಂತ ಕಲಿಸಿದವನು ನೀನೇ. ನಿನಗೆ ಭಯವಾದರೆ ಬಾಯಿಬಿಟ್ಟು ಹೇಳು. ಪುಟ್ಟಿ, ನನಗೆ ಭಯವಾಗುತ್ತೆ ಅನ್ನು. ನಾನು ನಿಧಾನ ಹೋಗುತ್ತೇನೆ. ಸ್ಕ್ರೂ ತಿರುಗಿಸಬೇಡ.

ನಿನ್ನೆ ಯಜಮಾನರ ಮುಂದೆ ಕಾರು ನಿಲ್ಲಿಸಿದೆ. ಅವರೇ ಓಡಿಸಿದರು, ಪ್ಲಗ್ ಬಿಚ್ಚಿ ನೋಡಿದರು, ಬಿಸ್ಕತ್ತಿನ ಬಣ್ಣಕ್ಕೆ ಬಂದಿದ್ದವು. "ಕಾರಣ?" ಅಂದರು. ಪೆಟ್ರೋಲಿನ ಒತ್ತಡ ಜಾಸ್ತಿ ಇತ್ತು ಅಂದೆ. "ಅದ್ಯಾಕೆ ಜಾಸ್ತಿ ಇತ್ತು?" ಅಂದರು. ಏನೇನೋ ಹೇಳಬಹುದಿತ್ತು, ಸುಳ್ಳು ಸಾಕಾಗಿತ್ತು. "ನಮ್ಮಪ್ಪಂಗೆ ಭಯ ಇತ್ತು ಸರ್" ಅಂದೆ. ಅವರು ಪ್ಲಗ್ಗನ್ನು ನನ್ನ ಕೈಗಿಟ್ಟು, "ಅದು ಯಾವ ಮೀಟರಲ್ಲೂ ಸಿಗಲ್ಲ, ಬಿಡು" ಅಂದರು. ಇವತ್ತಿನಿಂದ ಟ್ಯೂನಿಂಗ್ ವಿಭಾಗದ ಬೀಗದ ಕೈ ನನ್ನ ಹತ್ತಿರ ಇದೆ.

ಈಗ ನೀನು ಕೂತಿದ್ದೀಯಾ? ನಿಂತಿದ್ದರೆ ಕೂತುಕೋ.

ನಿನ್ನ ಕಾಗದವನ್ನು ಚಿಕ್ಕಪ್ಪನಿಗೆ ತೋರಿಸಿದೆ. ನಿನ್ನನ್ನು ಕೇಳಬೇಕಿತ್ತು, ಕೇಳಲಿಲ್ಲ. ಅವನು ಗಡಿಯಾರ ನೋಡುವ ಭೂತಗಾಜನ್ನು ಕಣ್ಣಿಂದ ತೆಗೆದು, ಎರಡು ಸಲ ಓದಿ, ಅಂಗಡಿಯ ಬಾಗಿಲು ಹಾಕಿದ.

"ಅಣ್ಣ ಸರಿಯಾಗೇ ಇಟ್ಟಿದ್ದ ಕಣೇ" ಅಂದ. "ರೇಸಿನ ದಿನ ಅವನು ಕೈ ತೊಳ್ಯೋಕೆ ಹೋದ. ನಾನೇ ಸ್ಕ್ರೂ ತಿರುಗ್ಸಿ ಪೆಟ್ರೋಲ್ ಕಮ್ಮಿ ಮಾಡ್ದೆ. ಒಂಚೂರು ಕಮ್ಮಿ ಆದ್ರೆ ಎಂಜಿನ್ ಚುರುಕಾಗತ್ತೆ, ಇನ್ನೆರಡು ಸೆಕೆಂಡ್ ಬೇಗ ಹತ್ಬೇಕು ಅಂತ ಹಠ ನಂಗೆ. ಬಿಚ್ಚಿ ನೋಡ್ದಾಗ ಅವನಿಗೆ ಎಲ್ಲ ಗೊತ್ತಾಗಿದೆ, ನನ್ನ ಮರ್ಯಾದೆ ಕಾಯೋಕೆ ಟೈರು ಅಂತ ಹೇಳ್ತಿದಾನೆ ಅಂದ್ಕೊಂಡೆ. ಅವನು ಕಾರಿನ ಮಾತು ಎತ್ತದಿದ್ದಾಗೆಲ್ಲ, ನನ್ನ ಮೇಲೆ ಕರುಣೆ ಇಟ್ಟು ಸುಮ್ನಿದಾನೆ ಅನ್ಸೋದು. ಅವನ ಮುಖ ಹೇಗೆ ನೋಡ್ಲಿ ಅಂತ ನಾನೂ ಬಾಯಿ ಬಿಡ್ಲಿಲ್ಲ."

ಆಮೇಲೆ ಗೋಡೆಯ ಕಡೆ ತಿರುಗಿ ಅತ್ತ. ಅಷ್ಟೊಂದು ಗಡಿಯಾರಗಳ ಮಧ್ಯೆ ದೊಡ್ಡ ಮನುಷ್ಯನೊಬ್ಬ ಅಳುವುದನ್ನು ನೋಡಲಾಗಲಿಲ್ಲ, ನಾನೂ ಅತ್ತೆ. ನೀನೇ ಅಪ್ಪನಿಗೆ ಬರಿ ಅಂದೆ. "ಬರೆಯೋ ಮಾತಲ್ಲ ಇದು. ಎದುರಿಗೆ ಹೇಳ್ಬೇಕು. ಬರೋಕೆ ಹೇಳು" ಅಂದ.

ಅಪ್ಪಾ, ಅವತ್ತು ನಿನ್ನ ಕೈ ತಪ್ಪು ಮಾಡಿರಲಿಲ್ಲ.

ಪುಟ್ಟಿ


ಏಪ್ರಿಲ್ 3, ಶುಕ್ರವಾರ

ಪುಟ್ಟಿ,

ದೋಣಿಯವನು ಕಾಯುತ್ತಿದ್ದಾನೆ. ನಿನ್ನ ಕಾಗದದ ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಓದಿದಾಗಿನಿಂದ ನನ್ನ ಎರಡೂ ಕೈಗಳನ್ನು ನೋಡಿಕೊಳ್ಳುತ್ತಿದ್ದೇನೆ, ಅಡುಗೆಯವನು ಏನಾಯಿತೋ ಅಂತ ಗಾಬರಿಯಾಗಿದ್ದಾನೆ.

ತಮ್ಮನ ಮೇಲೆ ಸಿಟ್ಟು ಬರುತ್ತದೇನೋ ಅಂತ ಕಾದೆ, ಬರಲಿಲ್ಲ. ಪಾಪ, ಅವನೂ ಒಬ್ಬನೇ ಹೊತ್ತುಕೊಂಡಿದ್ದನಲ್ಲ ಅನ್ನಿಸಿತು.

ನೀನು ಹೇಳಿಕೊಟ್ಟ ಹಾಗೆ ಹೇಳುತ್ತೇನೆ. ಪುಟ್ಟಿ, ನನಗೆ ಭಯವಾಗುತ್ತೆ. ನೀನು ಆ ಗುಡ್ಡದ ರಸ್ತೆಗೆ ಹೋದಾಗಲೆಲ್ಲ ಭಯವಾಗುತ್ತೆ. ಆದರೂ ನೀನು ಓಡಿಸುವುದನ್ನು ಒಂದು ಸಲ ಪಕ್ಕದಿಂದ ನೋಡಬೇಕು.

ಈಗಷ್ಟೇ ರಜೆ ಕೇಳಿದೆ, ಸಿಕ್ಕಿತು. ಮಂಗಳವಾರದ ದೋಣಿಗೆ ಹೊರಡುತ್ತೇನೆ, ಮಧ್ಯಾಹ್ನಕ್ಕೆ ಬಂದರಿನಲ್ಲಿರುತ್ತೇನೆ. ಚಿಕ್ಕಪ್ಪನನ್ನು ಕೂರಿಸಿಕೊಂಡು ಕಾರು ತಗೊಂಡು ಬಾ. ಮುಂದಿನ ಸೀಟು ಅವನಿಗಿರಲಿ, ಕಾಲು ಚಾಚಬೇಕಲ್ಲ, ನಾನು ಹಿಂದೆ ಕೂತೇ ನೋಡುತ್ತೇನೆ. ನಿಮ್ಮಮ್ಮನಿಗೆ ಒಂದು ವಾರ ಇರುತ್ತೇನೆ ಅಂತ ಹೇಳು.

ಟೂಲ್ ಬಾಕ್ಸು ಇಲ್ಲೇ ಬಿಟ್ಟು ಬರುತ್ತಿದ್ದೇನೆ.

ಅಪ್ಪ